ಹುಣಸಿಹೊಂಡದ ನೀರು ಮತ್ತು ನನ್ನ ಸಿಟ್ಟು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈಗ ಹೇಳಹೊರಟಿರುವುದು ಹುಣಸಿಹೊಂಡದ ನಾಗಪ್ಪನವರ ಸಂಗತಿಯಾದರೂ ಅದರೊಳಗಿನ ಎಡವಟ್ಟು ಪೂರಾ ನನ್ನದು. ನಮ್ಮವ್ವ ತುಳಸಾಬಾಯಿಯನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾಳೆ. "ಸುಮೇಧಾ ಅಂತ ಹೆಸರಿಟ್ಟು ತಪ್ಪು ಮಾಡಿದ್ವಿ. ಒಗ್ಗರಣಿ ಅಂತ ಇಡಬೇಕಾಗಿತ್ತು. ಏನು ಬಿದ್ರೂ ಚಟಪಟ ಅಂತಾಳ," ಎನ್ನುವುದು ಅವಳ ಹಳೆಯ ಮಾತು.

ನನ್ನ ನೌಕರಿ ಕುಡಿಯುವ ನೀರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನ ಹಳ್ಳಿಗಳಿಂದ ನನ್ನ ಮೇಜಿಗೆ ನೀರು ಬರುತ್ತದೆ. ಕಣ್ಣಿಗೆ ಎಲ್ಲವೂ ಒಂದೇ, ತಿಳಿನೀರು. ಎರಡು ದಿನ ಬೆಚ್ಚಗೆ ಇಟ್ಟರೆ ಮಾತ್ರ ಒಳಗೆ ರೋಗಾಣು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಆಮೇಲೆ ನಾನು ವರದಿಯಲ್ಲಿ ಎರಡರಲ್ಲಿ ಒಂದು ಮಾತು ಬರೆಯುತ್ತೇನೆ: ‘ಕುಡಿಯಲು ಯೋಗ್ಯ’ ಅಥವಾ ‘ಕುಡಿಯಲು ಯೋಗ್ಯವಲ್ಲ’. ಹದಿನಾಲ್ಕು ವರ್ಷದಿಂದ ಇದನ್ನೇ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕಂಡರೆ ಪಂಚಾಯಿತಿಯವರು ಹೆದರುತ್ತಾರೆ ಎಂದು ಸ್ವಲ್ಪ ಜಂಬವೂ ಇತ್ತು.

ಮೊದಲೆಲ್ಲ ನಮ್ಮ ಸಿಬ್ಬಂದಿಯೇ ಜೀಪಿನಲ್ಲಿ ಊರೂರಿಗೆ ಹೋಗಿ ನೀರು ಹಿಡಿದು ತರುತ್ತಿದ್ದರು. ಯುಗಾದಿ ಮುಗಿದದ್ದೇ ತಡ, ಜೀಪು ಗ್ಯಾರೇಜು ಸೇರಿ ಅಲ್ಲೇ ಕುಳಿತುಬಿಟ್ಟಿತು. ಇನ್ನು ಮೇಲೆ ಆಯಾ ಊರಿನ ವಾಟರ್‌ಮನ್‌ಗಳೇ, ಅಂದರೆ ನಳಕ್ಕೆ ನೀರು ಬಿಡುವವರೇ, ನಮ್ಮಿಂದ ಬಾಟಲಿ ಒಯ್ದು ತುಂಬಿಕೊಂಡು ಬರಬೇಕೆಂದು ಸಾಹೇಬರು ಹೇಳಿದರು. ಒಂದು ಸೋಮವಾರ ಇಪ್ಪತ್ತು ಜನ ನನ್ನ ಮೇಜಿನ ಮುಂದೆ ನಿಂತರು. ಹೊರಗೆ ರಣಬಿಸಿಲು, ಒಳಗೆ ಕರೆಂಟಿಲ್ಲ, ನನ್ನ ತಲೆ ಸಿಡಿಯುತ್ತಿತ್ತು.

"ಇದನ್ನ ಹ್ಯಾಂಗ ತುಂಬಬೇಕ್ರಿ?" ಎಂದು ಯಾರೋ ಕೇಳಿದರು.

"ನೀರು ತುಂಬೂದನ್ನೂ ನಾ ಕಲಿಸಬೇಕೇನ್ರಿ? ಹುಟ್ಟಿದಾಗಿಂದ ಅದನ್ನ ಮಾಡ್ಲಿಕ್ಕತ್ತೀರಿ. ತುಂಬ್ರಿ, ಮುಚ್ಚಳ ಹಾಕ್ರಿ, ತಂಪಿನ್ಯಾಗ ಇಟ್ಟುಕೊಂಡು ಬರ್ರಿ, ಮುಗೀತು," ಎಂದು ಒದರಿದೆ. ಮತ್ತೇನೂ ಕೇಳದೆ ಎಲ್ಲರೂ ಬಾಟಲಿ ಎತ್ತಿಕೊಂಡು ಹೊರಟರು. ಬಾಟಲಿಗೆ ಕಟ್ಟಿದ ಚೀಟಿಯಲ್ಲಿ ಎಲ್ಲ ನಿಯಮಗಳನ್ನೂ ಅಚ್ಚು ಹಾಕಿತ್ತು ನಿಜ. ಆದರೆ ಅದು ಇಂಗ್ಲಿಷಿನಲ್ಲಿತ್ತು.

ಮರುದಿನ ಬಾಟಲಿಗಳು ಬಂದ ಚಂದ ನೋಡಬೇಕಿತ್ತು. ಒಬ್ಬ ಮೋಟರ್‌ಸೈಕಲ್ಲಿನ ಡಿಕ್ಕಿಯಲ್ಲಿ ತಂದ. ಇನ್ನೊಬ್ಬನ ಬಾಟಲಿ ಬಸ್ಸಿನ ಸೀಟಿನ ಕೆಳಗೆ ಉರುಳಾಡಿ ಬಂದಿತ್ತು. ಕಡೆಗೆ ಬಂದವರು ನಾಗಪ್ಪ. ಅರವತ್ತಕ್ಕೆ ಎರಡು ವರ್ಷ ಕಡಿಮೆ, ಒಣಗಿದ ತೊಗರಿಕಟ್ಟಿಗೆಯಂಥ ಮೈ, ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹಣೆಯಲ್ಲಿ ವಿಭೂತಿ. ಯಲವಿಗಿ ಸ್ಟೇಷನ್ನಿನ ಮುಂದೆ ಐಸ್‌ಕ್ಯಾಂಡಿ ಮಾರುವ ಪೀರಸಾಬನ ಹತ್ತಿರ ಡಬ್ಬಿ ಇಸಿದುಕೊಂಡು, ಬರ್ಫದ ನಡುವೆ ಬಾಟಲಿಯನ್ನು ಹಸುಗೂಸಿನ ಹಾಗೆ ಮಲಗಿಸಿಕೊಂಡು ತಂದಿದ್ದರು. ಬಾಟಲಿ ಥಳಥಳ ಹೊಳೆಯುತ್ತಿತ್ತು. ನೀರು ಕಂಠಮಟ ತುಂಬಿತ್ತು.

"ಇಷ್ಟು ಯಾಕ ತುಂಬೀರಿ? ಮ್ಯಾಲೆ ಒಂದೀಟು ಜಾಗಾ ಬಿಡಬೇಕು," ಎಂದೆ.

"ಹೆಣ್ಣಮಕ್ಕಳ ಕೈಯಾಗ ಅರ್ಧ ತುಂಬಿದ್ದು ಹೆಂಗ ಕೊಡೂದ್ರಿ ಬಾಯಾರ?" ಎಂದು ನಕ್ಕರು.

ಎರಡು ದಿನದ ಮೇಲೆ ನೋಡಿದರೆ, ಸೀಟಿನ ಕೆಳಗೆ ಉರುಳಾಡಿದ ನೀರು ಪಾಸು, ಪೀರಸಾಬನ ಡಬ್ಬಿಯಲ್ಲಿ ಮೆರವಣಿಗೆಯಲ್ಲಿ ಬಂದದ್ದು ಫೇಲು. ಹದಿನೈದು ದಿನ ಬಿಟ್ಟು ಮತ್ತೆ ಬಾಟಲಿ ಕಳಿಸಿದೆ. ಮತ್ತೆ ಫೇಲು, ಮೊದಲಿಗಿಂತ ಕೆಟ್ಟದಾಗಿ. ಮೂರನೆಯ ಸಲದ್ದನ್ನು ಕೇಳಲೇಬೇಡಿ. ಅಂಥ ನೀರು ನಾನು ಚರಂಡಿ ಒಡೆದ ಊರಿನಿಂದ ಬಂದದ್ದನ್ನೂ ನೋಡಿರಲಿಲ್ಲ.

ಆ ಮೂರನೆಯ ವರದಿ ಒಯ್ಯಲು ಬಂದಾಗ ನಾಗಪ್ಪ ಒಂದು ಪುಸ್ತಕ ತೋರಿಸಿದರು. ದಿನಾಲೂ ಊರ ನೀರಿನ ಟಾಕಿಗೆ ಬ್ಲೀಚಿಂಗ್ ಹಾಕಿದ ಮೇಲೆ ಕೊನೆಯ ನಳದ ನೀರಿಗೆ ಹನಿ ಔಷಧಿ ಬಿಟ್ಟು, ಅದು ಹಳದಿಯಾಯಿತೋ ಇಲ್ಲವೋ ಎಂದು ಬರೆದಿಟ್ಟಿದ್ದರು. ನೀರು ಹಳದಿಯಾದರೆ ಅದರಲ್ಲಿ ಬ್ಲೀಚಿಂಗಿನ ಅಂಶ ಉಳಿದಿದೆ, ಕುಡಿಯಬಹುದು ಎಂದರ್ಥ. ಪುಟದ ತುಂಬ ‘ಹಳದಿ, ಹಳದಿ, ಹಳದಿ’. ನನಗೆ ಪಿತ್ತ ನೆತ್ತಿಗೇರಿತು.

"ನಾಗಪ್ಪನವರ, ಇಲ್ಲಾ ನಿಮ್ಮ ಪುಸ್ತಕ ಸುಳ್ಳು, ಇಲ್ಲಾ ನನ್ನ ಪರೀಕ್ಷಾ ಸುಳ್ಳು. ನನ್ನ ಪರೀಕ್ಷಾ ಅಂತೂ ಸುಳ್ಳಾಗೂದಿಲ್ಲ."

ಅವರ ಮುಖ ಸಣ್ಣದಾಯಿತು. "ಇಪ್ಪತ್ತೆರಡು ವರ್ಷ ಆತ್ರಿ ನೀರು ಬಿಡಾಕತ್ತಿ. ಬ್ಲೀಚಿಂಗ್ ಹಾಕದ ಒಂದ ದಿನಾ ಬಿಟ್ಟಿಲ್ಲ. ಒಮ್ಮೆ ನೀವ ಬಂದು ನೋಡ್ರಿ ಬಾಯಾರ," ಎಂದರು.

"ಯಾಕ, ನನಗ ಬ್ಯಾರೆ ಕೆಲಸ ಇಲ್ಲೇನು?" ಎಂದೆ. ಅವರು ವರದಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೊರಟುಹೋದರು.

ಅದೇ ಸಂಜೆ ಹುಣಸಿಹೊಂಡದ ಪಿಡಿಒ ಬಸವೇಶ ಫೋನು ಮಾಡಿದರು. "ಮೇಡಂ, ಗುರುವಾರ ಪಂಚಾಯ್ತಿ ಸಭಾ ಐತ್ರಿ. ಮೂರು ಸಲ ಫೇಲಾದ ಮ್ಯಾಲೆ ಜನಾ ಕೇಳಂಗಿಲ್ಲ. ನಾಗಪ್ಪನ ಕಡಿಂದ ಕೀಲಿ ತಗೊಂಡು ಬ್ಯಾರೆಯವ್ರಿಗೆ ಕೊಡಾಕತ್ತೇವಿ." ಕೀಲಿ ಎಂದರೆ ವಾಲ್ವು ತಿರುಗಿಸುವ ಎದೆಯೆತ್ತರದ ಕಬ್ಬಿಣದ ಸಲಾಕೆ. ಅದು ಯಾರ ಹೆಗಲ ಮೇಲಿರುತ್ತದೋ ಅವರೇ ಊರಿನ ವಾಟರ್‌ಮನ್. ಊರಿಗೆ ಕೆಟ್ಟ ನೀರು ಕುಡಿಸಿದ ಎಂಬ ಹೆಸರು ಹೊತ್ತು ನಾಗಪ್ಪ ಅದನ್ನು ಇಳಿಸಬೇಕಾಗಿತ್ತು. ಆಗಲಿ ಬಿಡು ಎಂದುಕೊಂಡೆ. ಆದರೂ ಊಟಕ್ಕೆ ಕುಳಿತು ತಾಟಿನ ಅನ್ನವನ್ನು ಅತ್ತಿತ್ತ ಸರಿಸುತ್ತಿದ್ದೆ.

ಅವ್ವ ನೋಡುತ್ತಿದ್ದವಳು ಹೇಳಿದಳು: "ನಮ್ಮ ಕಾಲದಾಗ ಒಂದು ಕೂಸು ಫೇಲಾದ್ರ ಮಾಸ್ತರು ಅದರ ಮನೀಗೆ ಹೋಗಿ ನೋಡ್ತಿದ್ರು. ನೀ ಒಂದು ಊರನ್ನ ಫೇಲ್ ಮಾಡೀದಿ. ಒಂದ ಸಲ ಹೋಗಿ ನೋಡಿದ್ರ ನಿನ್ನ ಗಂಟೇನು ಹೋಗ್ತದ?"

ಹೋದೆ. ನ್ಯಾಯ ಮಾಡಲು ಹೋದೆ ಎಂದುಕೊಳ್ಳಬೇಡಿ. ನಾಗಪ್ಪನವರ ಕಳ್ಳತನ ಹಿಡಿಯಲೆಂದೇ, ಯಾರಿಗೂ ಹೇಳದೆ, ಮಂಗಳವಾರ ಮೊದಲ ಬಸ್ಸಿಗೆ ಹೋದೆ.

ಊರು ಮುಟ್ಟಿದಾಗ ಆಗಷ್ಟೇ ಬಿಸಿಲು ಬೀಳುತ್ತಿತ್ತು. ನಾಗಪ್ಪ ಹೆಗಲ ಮೇಲೆ ಕೀಲಿ ಹೊತ್ತು ಓಣಿಯಲ್ಲಿ ಎದುರಾದರು. ನನ್ನನ್ನು ಕಂಡದ್ದೇ ಮುಖ ಊರಗಲವಾಯಿತು. "ಬಂದ್ರ್ಯಾ ಬಾಯಾರ! ಬರ್ರಿ, ಬರ್ರಿ, ನಮ್ಮ ನೀರು ನೋಡ್ರಿ," ಎಂದು, ಬೀಗರನ್ನು ಕರೆದುಕೊಂಡು ಹೋಗುವವರ ಹಾಗೆ ಮುಂದೆ ನಡೆದರು. ಕಳ್ಳನನ್ನು ಹಿಡಿಯಲು ಬಂದವಳಿಗೆ ಕಳ್ಳ ಹೀಗೆ ಖುಷಿಪಟ್ಟರೆ ಏನು ಮಾಡಬೇಕೋ ತಿಳಿಯಲಿಲ್ಲ.

ಒಂದು ತಾಸು ಅವರ ಹಿಂದೆ ಅಡ್ಡಾಡಿದೆ. ಊರಿನ ಪ್ರತಿ ವಾಲ್ವಿಗೂ ಅವರು ಒಂದೊಂದು ಹೆಸರಿಟ್ಟಿದ್ದರು. ಜಪ್ಪಯ್ಯ ಎಂದರೂ ತಿರುಗದ್ದು ಅತ್ತಿ. ಮುಟ್ಟಿದರೆ ಸಾಕು ತಿರುಗುವುದು ಸೊಸಿ. ಎಷ್ಟು ಬಿಗಿದರೂ ಸಣ್ಣಗೆ ಸೋರುವುದು ಚಾಡಿಬುರುಕಿ. "ಇವತ್ತ ಅತ್ತಿಗೆ ಭಾಳ ಸಿಟ್ಟೈತ್ರಿ," ಎನ್ನುತ್ತ ಎರಡೂ ಕೈ ಹಾಕಿ ತಿರುಗಿಸುತ್ತಿದ್ದರು. ನನ್ನ ಕಡೆಗೇ ನೋಡಿ ಅಂದರೋ ಏನೋ.

ಒಂದು ಮನೆಯ ಮುಂದೆ ಕೊಡ ಹಿಡಿದು ನಿಂತ ಹೆಂಗಸು ಕೂಗಿದಳು: "ನಾಗಪ್ಪಣ್ಣಾ, ಇವತ್ತ ಬೀಗರು ಬರಾಕತ್ತಾರ. ಇನ್ನೊಂದು ಹತ್ತು ನಿಮಿಷ ಬಿಡು."

"ನಿಮ್ಮ ಬೀಗರು ಈ ತಿಂಗಳಾಗ ಮೂರು ಸಲ ಬಂದ್ರಲ್ಲವಾ. ಇಲ್ಲೇ ಒಂದು ಮನಿ ಮಾಡಾಕ ಹೇಳು, ನಳಾನೂ ಹಾಕಿಕೊಡತೇನಿ," ಎಂದರು ನಾಗಪ್ಪ. ಬೈದರೂ ಬಿಟ್ಟದ್ದು ಮಾತ್ರ ಹದಿನೈದು ನಿಮಿಷ.

ಕಟ್ಟೆಯ ಮೇಲೆ ಕುಳಿತ ಮುದುಕರೊಬ್ಬರು ಚಹಾದ ಕಪ್ಪು ಎತ್ತಿ ತೋರಿಸಿ, "ನಾಗ್ಯಾ, ಚಾದಾಗ ದವಾಖಾನಿ ವಾಸನಿ ಬರ್ತೈತೋ," ಎಂದರು. "ಚಾದಾಗ ಬರ್ಲಿ ಬಿಡ ಯಜ್ಜಾ, ನೀ ದವಾಖಾನಿಗೆ ಹೋಗೂದರ ತಪ್ಪತೈತಿ," ಎಂದು ಇವರು. ಮುದುಕರು ಬಾಯಲ್ಲಿ ಹಲ್ಲಿಲ್ಲದಿದ್ದರೂ ಬಾಯಿ ತುಂಬ ನಕ್ಕರು.

ಎಲ್ಲಕ್ಕಿಂತ ಕೊನೆಗೆ ನೀರು ಮುಟ್ಟುವ ನಳ ಸಾಲೆಯ ಹಿಂದಿತ್ತು. ಟಾಕಿಯಿಂದ ಅಷ್ಟು ದೂರ ಬಂದ ಮೇಲೂ ನೀರಿನಲ್ಲಿ ಬ್ಲೀಚಿಂಗ್ ಉಳಿದಿದ್ದರೆ ಊರೆಲ್ಲ ಸುರಕ್ಷಿತ. ಅವರ ಹನಿ ಔಷಧಿ ನಂಬದೆ ನಾನು ನನ್ನದೇ ತಂದಿದ್ದೆ. ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಐದು ಹನಿ ಬಿಟ್ಟೆ. ನೀರು ಹಣ್ಣಾದ ಲಿಂಬೆಯ ಹಾಗೆ ಹಳದಿಯಾಯಿತು. ಚೆಲ್ಲಿ ಮತ್ತೊಮ್ಮೆ ಮಾಡಿದೆ. ಮತ್ತೆ ಹಳದಿ. ಪೈಪು ಒಡೆದಿದೆಯೇ ಎಂದು ಚರಂಡಿಗುಂಟ ಹೋಗಿ ಬಗ್ಗಿ ಬಗ್ಗಿ ನೋಡಿದೆ. ಎಲ್ಲಿಯೂ ಒಂದು ಹನಿ ಸೋರಿಕೆ ಇರಲಿಲ್ಲ. ಟಾಕಿ ಹತ್ತಿ ನೋಡಿದರೆ ಮುಚ್ಚಳ ಭದ್ರ, ಒಳಗೆ ತಳ ಕಾಣುವಷ್ಟು ತಿಳಿ.

ಈ ನೀರು ಫೇಲಾಗುವುದು ಹೇಗೆ ಸಾಧ್ಯ? ನನ್ನ ಸಿಟ್ಟಿಗೆ ಹೋಗಲು ದಾರಿಯೇ ಉಳಿಯಲಿಲ್ಲ.

"ಮನೀಗೆ ಬಂದು ಒಂದು ಕಪ್ಪು ಚಾ ಕುಡದು ಹೋಗ್ರಿ. ನೀರು ನಮ್ಮ ಅಂಗಳದ ನಳದಾಗ ಹಿಡೀರಿ, ಇನ್ನೂ ಬರಾಕತ್ತೈತಿ," ಎಂದರು ನಾಗಪ್ಪ. ಹೋದೆವು. ಅವರ ಹೆಂಡತಿ ಸರೋಜವ್ವ ಅವಲಕ್ಕಿ ಹಚ್ಚಿ ಕೊಟ್ಟರು. ಅಂಗಳದ ಒಂದು ಬದಿಗೆ ನಳ, ಅದರಾಚೆ ಭಾಂಡೆ ತಿಕ್ಕುವ ಕಲ್ಲು, ಪಕ್ಕದಲ್ಲಿ ದನಕ್ಕೆ ನೀರು ತುಂಬಿಟ್ಟ ಸಿಮೆಂಟಿನ ಬಾನಿ. ಎಮ್ಮೆಯೊಂದು ಅದರಲ್ಲಿ ಮೂತಿ ಅದ್ದಿ ಸೊರ್ ಎಂದು ಕುಡಿಯುತ್ತಿತ್ತು.

ನಾನು ಚೀಲದಿಂದ ಹೊಸ ಬಾಟಲಿ ತೆಗೆದೆ. ನಾಗಪ್ಪ ಎದ್ದು ಬಂದು, "ಇತ್ತಾಗ ಕೊಡ್ರಿ," ಎಂದು ಕೈಯಿಂದ ಇಸಿದುಕೊಂಡು, ಮುಚ್ಚಳ ಬಿಚ್ಚಿ ಹೆಂಡತಿಗೆ ಕೊಟ್ಟರು. "ಲಗೂನ ತಿಕ್ಕಿ ಕೊಡು."

ನಾನು ಅವಲಕ್ಕಿ ಬಾಯಿಗೆ ಹಾಕುತ್ತಿದ್ದವಳು ಹಾಗೇ ನೋಡಿದೆ. ಸರೋಜವ್ವ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಒಲೆಯ ಬೂದಿ ಒಂದು ಚಿಟಿಕೆ ಒಳಗೆ ಹಾಕಿದರು. ತುದಿಗೆ ಹಳೆಯ ಸೀರೆಯ ಚಿಂದಿ ಸುತ್ತಿದ ಕಡ್ಡಿಯನ್ನು ಬಾಟಲಿಯ ಬಾಯಿಗೆ ತೂರಿಸಿ ಗಿರಗಿರ ತಿರುಗಿಸಿದರು. ಆಮೇಲೆ ಎಮ್ಮೆಯ ಮೂತಿಯನ್ನು ಮೊಣಕೈಯಿಂದ ಅತ್ತ ನೂಕಿ, ಅದೇ ಬಾನಿಯಲ್ಲಿ ಬಾಟಲಿಯನ್ನು ಬುಳುಬುಳು ಮುಳುಗಿಸಿದರು.

"ಅಯ್ಯಯ್ಯೋ!" ಎಂದು ನಾನು ಕಿರುಚಿದ ಕಿರುಚಿಗೆ ಎಮ್ಮೆ ಹಗ್ಗ ಹರಿದುಕೊಂಡು ಓಡಿತು, ಅವಲಕ್ಕಿ ಅಂಗಳದ ತುಂಬ ಚೆಲ್ಲಿತು, ಪಕ್ಕದ ಮನೆಯವರು ಹಾವು ಬಂತೆಂದು ಬಡಿಗೆ ಹಿಡಿದು ಬಂದರು.

"ಯಾಕವ್ವಾ, ಏನಾತು?" ಎಂದರು ಸರೋಜವ್ವ, ಬಾಟಲಿ ಎದೆಗವಚಿಕೊಂಡು.

"ಅದನ್ನ ಯಾಕ ತೊಳದ್ರಿ?"

"ತೊಳೀದ ಭಾಂಡೇಕ ಕುಡಿಯೂ ನೀರು ಹಾಕತಾರೇನವ್ವಾ ಯಾರರ?"

"ಮೊದಲಿನ ಮೂರೂ ಬಾಟ್ಲಿ ಹಿಂಗ ತೊಳದೀರೇನು?"

"ಇಲ್ಲವ್ವಾ," ಎಂದರು ಸರೋಜವ್ವ ತಪ್ಪಿತಸ್ಥರ ದನಿಯಲ್ಲಿ. "ಮೊದಲನೇದು ಸುಮ್ನ ಗಡಬಡಿಸಿ ಒಂದ ಸಲ ತೊಳದಿದ್ನಿ. ಫೇಲಾತು ಅಂದ್ರು. ಎರಡನೇದು ಎರಡು ಸಲ ಬೂದಿ ಹಚ್ಚಿ ತಿಕ್ಕಿದ್ನಿ. ಅದೂ ಆಗಲಿಲ್ಲ. ಮೂರನೇದು ಇವ್ರ ಸ್ವಂತ ಕುಂತು ತಾಸಗಟ್ಟಲೆ ತಿಕ್ಕಿ, ತಮ್ಮ ಟವೆಲ್‌ಲೆ ಒಳಗ ಒರಸ್ಯಾರ."

ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮೊದಲು ನಗು ಬಂತೋ ಅಳು ಬಂತೋ ನೆನಪಿಲ್ಲ. ನಾವು ಆ ಬಾಟಲಿಗಳನ್ನು ಆವಿಯಲ್ಲಿ ಬೇಯಿಸಿ, ಒಂದು ರೋಗಾಣುವೂ ಉಳಿಯದಂತೆ ಮಾಡಿ, ಮುಚ್ಚಿ ಕೊಟ್ಟಿರುತ್ತೇವೆ. ತಳದಲ್ಲಿ ಕಾಣುವ ಬಿಳಿ ಪುಡಿ ಕೂಡ ನಾವೇ ಹಾಕಿದ್ದು. ನಳದಿಂದ ಹಿಡಿದ ಮೇಲೆ ಬ್ಲೀಚಿಂಗು ಬಾಟಲಿಯೊಳಗೂ ಕೆಲಸ ಮಾಡದಂತೆ ಅದು ತಡೆಯುತ್ತದೆ, ಇಲ್ಲದಿದ್ದರೆ ನಳದ ನೀರಿನ ನಿಜ ನನಗೆ ತಿಳಿಯುವುದಿಲ್ಲ. ಒಳಗೆ ಬೆರಳು ಸಹ ತಾಗಿಸಬಾರದು. ಉಳಿದ ಊರಿನವರು ಸೋಮಾರಿಗಳು, ತೊಳೆಯುವ ಗೋಜಿಗೆ ಹೋಗದೆ ಹಾಗೇ ತುಂಬಿ ತಂದರು, ಪಾಸಾದರು. ಇಡೀ ನಾಲ್ಕು ತಾಲೂಕಿನಲ್ಲಿ ಅಕ್ಕರೆಯಿಂದ ತೊಳೆದು ತಂದವರು ಇವರೊಬ್ಬರೇ. ಪುಡಿ ತೊಳೆದುಹೋಗಿ ನಳದ ಬ್ಲೀಚಿಂಗ್ ಉಳಿದಿದ್ದರೂ, ಬೂದಿ, ಚಿಂದಿ, ಬಾನಿಯ ಹೊಲಸಿನ ಮುಂದೆ ಅದು ಸಾಲದೆ ಹೋಗಿತ್ತು. ಮೂರು ಸಲ ನಾನು ಪರೀಕ್ಷೆ ಮಾಡಿದ್ದು ಎಮ್ಮೆಯ ಬಾನಿಯ ನೀರನ್ನು.

ಇದನ್ನೆಲ್ಲ ಬಿಡಿಸಿ ಹೇಳಿದಾಗ ನಾಗಪ್ಪ ಹಣೆ ಹಣೆ ಬಡಿದುಕೊಂಡರು. ಸರೋಜವ್ವ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಬಡಿಗೆ ಹಿಡಿದು ಬಂದವರೂ ನಕ್ಕರು. ಕೊನೆಗೆ ನನ್ನ ಚೀಲದಲ್ಲಿದ್ದ ಇನ್ನೊಂದು ಬಾಟಲಿ ತೆಗೆದು, ನಳ ಎರಡು ನಿಮಿಷ ಬಿಟ್ಟು, ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ನೀರು ಹಿಡಿದೆ. ಮೇಲೆ ಎರಡು ಬೆರಳು ಜಾಗ ಬಿಟ್ಟೆ.

ಗುರುವಾರ ಮಧ್ಯಾಹ್ನ ಆ ನೀರು ಬೆಳಗಿನ ಇಬ್ಬನಿಯಷ್ಟು ಶುದ್ಧವಿತ್ತು. ‘ಕುಡಿಯಲು ಯೋಗ್ಯ’ ಎಂದು ಬರೆದು, ಶಾಯಿ ಆರುವ ಮೊದಲೇ ಬಸ್ಸು ಹತ್ತಿದೆ.

ಪಂಚಾಯಿತಿ ಕಟ್ಟಡದ ತುಂಬ ಜನ. ಕೀಲಿಯನ್ನು ಗೋಡೆಗೆ ಒರಗಿಸಿಟ್ಟಿದ್ದರು. ನಾಗಪ್ಪನವರೇ ತಂದು ಅಲ್ಲಿ ಇಟ್ಟಿದ್ದರಂತೆ. ನನ್ನ ವರದಿಯನ್ನು ಬಸವೇಶ ಗಟ್ಟಿಯಾಗಿ ಓದಿದರು. ಒಬ್ಬ ಸದಸ್ಯರು ಎದ್ದು, "ಅಲ್ರಿ, ಮೂರು ಸಲ ಕೆಟ್ಟ ನೀರು ನಾಕನೇ ಸಲಕ್ಕ ಹೆಂಗ ಚಲೋ ಆತು?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ‘ತಾಂತ್ರಿಕ ಕಾರಣ’ ಎಂಬ ಎರಡು ಶಬ್ದ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಯಾರೂ ಮುಂದೆ ಕೇಳುವುದಿಲ್ಲ. ಆದರೆ ಗೋಡೆಗೆ ಒರಗಿದ ಆ ಕೀಲಿ ನೋಡಿದ ಮೇಲೆ ಹೇಳಲಾಗಲಿಲ್ಲ.

"ನೀರು ಯಾವತ್ತೂ ಕೆಟ್ಟಿದ್ದಿಲ್ರಿ," ಎಂದೆ. "ತಪ್ಪು ನಂದು. ಬಾಟ್ಲಿ ತೊಳೀಬಾರದು ಅಂತ ನಾ ಹೇಳಬೇಕಾಗಿತ್ತು. ಹೇಳೂದು ಬಿಟ್ಟು ಬೈದು ಕಳಿಸಿದೆ. ಬಾಟ್ಲಿ ಸ್ವಚ್ಛ ಇರ್ಲಿ ಅಂತ ಇವ್ರು ತೊಳದ್ರು, ಅದರಿಂದ ಕೆಟ್ಟಿತು." ಬೂದಿ, ಚಿಂದಿ, ಎಮ್ಮೆ, ಒಂದನ್ನೂ ಬಿಡದೆ ಹೇಳಿದೆ. ಸಭೆ ನಗುವಿನಲ್ಲಿ ಮುಳುಗಿತು. ಅಧ್ಯಕ್ಷೆ ಹೇಮಾ ಕಣ್ಣೊರೆಸಿಕೊಳ್ಳುತ್ತ, "ಸರೋಜಕ್ಕಾ, ಇನ್ನ ಮ್ಯಾಲೆ ನಮ್ಮ ಮನೀಗೆ ಬಂದ್ರ ಭಾಂಡೆ ಮುಟ್ಟಬ್ಯಾಡವಾ," ಎಂದರು. ಆಮೇಲೆ ತಾವೇ ಎದ್ದು ಕೀಲಿ ಎತ್ತಿ ನಾಗಪ್ಪನ ಕೈಗೆ ಕೊಟ್ಟರು. ಜನ ಚಪ್ಪಾಳೆ ಹೊಡೆದರು. ನಾಗಪ್ಪ ಕೀಲಿಯನ್ನು ಹಣೆಗೊತ್ತಿಕೊಂಡು ಹೆಗಲಿಗೇರಿಸಿದರು.

ಸಭೆ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ನನ್ನನ್ನು ಬಸ್ ಸ್ಟ್ಯಾಂಡಿಗೆ ಕಳಿಸಲು ಬಂದರು. ನನ್ನ ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಲೇ ಇತ್ತು.

"ಅಲ್ರಿ ನಾಗಪ್ಪನವರ," ಎಂದೆ, "ಬಾಟ್ಲ್ಯಾಗ ಬಿಳಿ ಪುಡಿ ಕಂಡಿರಬೇಕಲ್ಲ. ನನ್ನ ಕೇಳಲಿಕ್ಕೆ ಹೆದರಿಕಿ ಇತ್ತು, ತಿಳೀತು. ಬಸವೇಶರನ್ನರ ಒಂದ ಮಾತು ಕೇಳಬಾರದಾಗಿತ್ತೇನ್ರಿ? ಕೀಲಿನ ಹೋಗೂ ಹೊತ್ತು ಬಂದಿತ್ತಲ್ಲ!"

ಸರೋಜವ್ವ ಗಂಡನನ್ನು ಒಮ್ಮೆ ನೋಡಿ ಹೇಳಿದರು: "ನಾನೂ ಅದನ್ನ ಬಡಕೊಂಡ್ನವ್ವಾ. ಆಫೀಸಿನವ್ರು ಹೊಲಸು ಬಾಟ್ಲಿ ಕೊಟ್ಟಾರ, ತಳದಾಗ ಏನೋ ಬೆಳ್ಳಗ ಹತ್ತೈತಿ, ಅದಕ್ಕ ನೀರು ಫೇಲಾಗಾಕತ್ತೈತಿ, ಹೋಗಿ ಸಭಾದಾಗ ಹೇಳ್ರಿ ಅಂದ್ನಿ. ಇವ್ರು ನನಗ ಆಣಿ ಹಾಕಿಸಿಕೊಂಡ್ರು, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ."

"ಯಾಕ?"

ನಾಗಪ್ಪ ಕೀಲಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದರು. "ಹೆಂಗ ಹೇಳಲಿ ಬಾಯಾರ? ಬಾಟ್ಲಿ ಹೊಲಸಿತ್ತು ಅಂತ ನಾ ಅಂದ್ರ ಪಂಚ್ಯಾತಿಯವ್ರು ನಿಮ್ಮ ಮ್ಯಾಲೆ ಕಾಗದಾ ಬರೀತಿದ್ರು. ಅಷ್ಟು ವರ್ಷ ನೌಕರಿ ಮಾಡೀರಿ. ಗಡಬಡ್ಯಾಗ ಒಂದೆರಡು ಬಾಟ್ಲಿ ತೊಳಿಯೂದು ಮರತಿರಬೇಕು, ಯಾರಿಗೆ ತಪ್ಪೂದೈತಿ? ಅಷ್ಟಕ್ಕ ನಿಮ್ಮ ಹೆಸರು ಯಾಕ ಕೆಡಸೂದು, ನಾವ ತೊಳಕೊಂಡ್ರಾತು ಅಂದ್ನಿ."

ನಾನೇ ಸುಳ್ಳುಗಾರನೆಂದು ಕರೆದ ಮನುಷ್ಯ ಇವರು. ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗಿದ, ಮಾತಿಗೊಮ್ಮೆ ಚಟಪಟ ಅನ್ನುವ ನಾನು ನಡುರಸ್ತೆಯಲ್ಲಿ ನಿಂತು ಸಣ್ಣ ಹುಡುಗಿಯ ಹಾಗೆ ಬಿಕ್ಕುತ್ತಿದ್ದೆ.

ನಾಗಪ್ಪ ಗಾಬರಿಯಾದರು. "ಅಯ್ಯ, ಪಾಸಾಗೇವಲ್ರಿ ಬಾಯಾರ," ಎಂದರು, "ಇನ್ನ ಯಾಕ ಅಳತೀರಿ?"